ಸೀಟು ಮಾರುವವರಿಗೆ ಸೂರಿನ ಹೊಣೆ ಬೇಡವೇ?

ಪರದೇಶಕ್ಕೆ ಓದಲು ಹೋದ ಮಕ್ಕಳ ಕತೆಯನ್ನು ನಮ್ಮಲ್ಲಿ ಒಂದೇ ರಾಗದಲ್ಲಿ ಹೇಳುವುದು ರೂಢಿ. ಹುಡುಗಿ ವಿಮಾನ ಹತ್ತುತ್ತಾಳೆ, ಚಳಿಯಲ್ಲಿ ನಡುಗುತ್ತಾಳೆ, ಎಂಟು ಜನರ ಮನೆಯಲ್ಲಿ ಒಂದು ಮೂಲೆ ಹಿಡಿಯುತ್ತಾಳೆ, ಮ್ಯಾಗಿ ತಿಂದು ಪರೀಕ್ಷೆ ಬರೆಯುತ್ತಾಳೆ, ಕೊನೆಗೊಂದು ಕೆಲಸ ಹಿಡಿಯುತ್ತಾಳೆ. ಮದುವೆಮನೆಯ ಪಂಕ್ತಿಯಲ್ಲಿ ಕೂತ ಮಾವಂದಿರು ಇದಕ್ಕೆ ಒಗ್ಗರಣೆ ಹಾಕುತ್ತಾರೆ: "ಕಷ್ಟಪಟ್ರೆ ತಾನೇ ಮೇಲೆ ಬರೋದು." ಸ್ವಲ್ಪ ಹಿರಿಯರಿದ್ದರೆ ವಾರಾನ್ನದ ನೆನಪು ತೆಗೆಯುತ್ತಾರೆ. ಸೋಮವಾರ ಶಾನುಭೋಗರ ಮನೆ, ಮಂಗಳವಾರ ಮೇಷ್ಟರ ಮನೆ, ಹಾಗೆ ಉಂಡು ಓದಿದವರು ಹೈಕೋರ್ಟಿನ ಜಡ್ಜ್ ಆಗಲಿಲ್ಲವೇ?

ಆಗಿದ್ದಾರು. ಆದರೆ ವಾರಾನ್ನಕ್ಕೂ ನಾನು ಲಂಡನ್ನಿನಲ್ಲಿ ಕಂಡದ್ದಕ್ಕೂ ಸಂಬಂಧವಿಲ್ಲ. ವಾರಾನ್ನದ ಹುಡುಗನಿಂದ ಊಟ ಹಾಕಿದವರು ಹಣ ಪಡೆಯುತ್ತಿರಲಿಲ್ಲ. ಪಂಕ್ತಿಭೇದ ಇತ್ತು, ಜಾತಿ ಕೇಳಿಯೇ ಎಲೆ ಹಾಕುತ್ತಿದ್ದರು, ಅದನ್ನು ಮರೆತು ಹಾಡಿ ಹೊಗಳಬೇಕಾಗಿಲ್ಲ. ಆದರೂ ಓದಲು ಬಂದವನಿಗೆ ಊಟವೂ ನೆರಳೂ ಬೇಕು, ಅದನ್ನು ಕೊಡುವುದು ಊರಿನ ಕೆಲಸ ಎಂಬ ತಿಳಿವಳಿಕೆಯಾದರೂ ಅಲ್ಲಿತ್ತು. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಒಂದೊಂದು ಸಮುದಾಯವೂ ತನ್ನ ಮಕ್ಕಳಿಗೆ ಹಾಸ್ಟೆಲ್ ಕಟ್ಟಿಕೊಂಡದ್ದು ಇದೇ ಕಾರಣಕ್ಕೆ. ಸಿದ್ಧಗಂಗೆಯಲ್ಲಿ ಇಂದಿಗೂ ಸಾವಿರಾರು ಮಕ್ಕಳು ಉಂಡು ಮಲಗಿ ಓದುತ್ತಾರೆ. ಲಂಡನ್ನಿನಲ್ಲೇ 1920ರಲ್ಲಿ ಭಾರತದ ವೈ.ಎಂ.ಸಿ.ಎ. ನಮ್ಮ ವಿದ್ಯಾರ್ಥಿಗಳಿಗೆಂದು ಹಾಸ್ಟೆಲ್ ತೆರೆದಿತ್ತು. ಸೂರಿಲ್ಲದ ಸೀಟು ಅರ್ಧ ಸೀಟು ಎಂಬುದು ನೂರು ವರ್ಷದ ಹಿಂದೆಯೇ ಗೊತ್ತಿದ್ದ ಸಂಗತಿ.

ಈಗಿನ ಕಷ್ಟ ಬೇರೆ ಜಾತಿಯದು. ಇದಕ್ಕೆ ಬೆಲೆಪಟ್ಟಿ ಇದೆ, ಪ್ರತಿ ಸಾಲಿನಲ್ಲೂ ಯಾರೋ ದುಡ್ಡು ಮಾಡಿಕೊಳ್ಳುತ್ತಾರೆ. ಇದನ್ನು ತಪಸ್ಸು ಎಂದು ಕರೆಯುವವರು ವ್ಯಾಪಾರಿಗೆ ಪುಕ್ಕಟೆ ಜಾಹೀರಾತು ಕೊಡುತ್ತಿದ್ದಾರೆ.

ಲೆಕ್ಕವನ್ನೇ ಹೇಳುತ್ತೇನೆ. ನಾನು ಒಂದು ವರ್ಷದ ಸ್ನಾತಕೋತ್ತರ ಪದವಿಗೆಂದು ತಿಪಟೂರಿನಿಂದ ಲಂಡನ್ನಿಗೆ ಹೋದದ್ದು 2023ರ ಸೆಪ್ಟೆಂಬರಿನಲ್ಲಿ. ಫೀಸಿನ ಜೊತೆಗೆ, ಲಂಡನ್ನಿನಲ್ಲಿ ಬದುಕಲು ತಿಂಗಳಿಗೆ 1,334 ಪೌಂಡಿನಂತೆ ಒಂಬತ್ತು ತಿಂಗಳಿಗೆ 12,006 ಪೌಂಡ್ ಖಾತೆಯಲ್ಲಿದೆ, ಅದೂ 28 ದಿನ ಕದಲದೆ ಕೂತಿದೆ ಎಂದು ವೀಸಾಕ್ಕೆ ತೋರಿಸಬೇಕಿತ್ತು. ಅಪ್ಪ ಕೊಬ್ಬರಿ ಮಂಡಿಯ ಲೆಕ್ಕದವರು. ಸಾಲಕ್ಕೆ ಮನೆಪತ್ರ ಇಟ್ಟರು, ಆ 28 ದಿನ ದಿನಕ್ಕೊಮ್ಮೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಹಾಕಿಸಿಕೊಂಡು ಬರುತ್ತಿದ್ದರು. ಕ್ಷಯರೋಗದ ಪರೀಕ್ಷೆ ಆಯಿತು. ಆರೋಗ್ಯ ಸರ್‌ಚಾರ್ಜ್ ಕಟ್ಟಿದ್ದಾಯಿತು. ಒಂದು ದೇಶ ಮತ್ತು ಒಂದು ವಿಶ್ವವಿದ್ಯಾಲಯ ಸೇರಿ ನನ್ನ ಶ್ವಾಸಕೋಶದಿಂದ ಹಿಡಿದು ಅಪ್ಪನ ಪಾಸ್‌ಬುಕ್ಕಿನವರೆಗೆ ಎಲ್ಲವನ್ನೂ ತಪಾಸಣೆ ಮಾಡಿದವು. ಅಲ್ಲಿ ಇಳಿದ ರಾತ್ರಿ ನಾನು ಎಲ್ಲಿ ಮಲಗುತ್ತೇನೆ ಎಂಬುದು ಮಾತ್ರ ಯಾರ ತಲೆನೋವೂ ಆಗಿರಲಿಲ್ಲ.

ವಿಶ್ವವಿದ್ಯಾಲಯದ ಹಾಸ್ಟೆಲ್ ಇರುವುದಿಲ್ಲವೇ ಎಂದು ಕೇಳುತ್ತೀರಿ. ಇರುತ್ತದೆ. ಬಹುತೇಕ ಕಡೆ ಅದರಲ್ಲಿ ಮೊದಲ ಪಾಲು ಮೊದಲ ವರ್ಷದ ಪದವಿ ಮಕ್ಕಳಿಗೆ. ಹದಿನೆಂಟರ ಮಕ್ಕಳು ಮೊದಲ ಸಲ ಮನೆ ಬಿಟ್ಟಿರುತ್ತಾರೆ, ಅದು ಸರಿಯೇ. ಉಳಿದದ್ದಕ್ಕೆ ಒಂದು ವರ್ಷದ ಕೋರ್ಸಿಗೆ ಬಂದವರು ಸಾಲು ನಿಲ್ಲಬೇಕು. ಅರ್ಜಿ ತೆರೆದ ದಿನವೇ ಹಾಕಿದೆ. ಆಗಸ್ಟಿನಲ್ಲಿ ಉತ್ತರ ಬಂತು: ಕಾಯುವವರ ಪಟ್ಟಿಯಲ್ಲಿದ್ದೀರಿ, ಖಾಸಗಿ ಮನೆಯನ್ನೂ ಹುಡುಕುತ್ತಿರಿ. ಖಾಸಗಿ ವಿದ್ಯಾರ್ಥಿ ವಸತಿ ಕಟ್ಟಡವೊಂದು ವಾರಕ್ಕೆ 340 ಪೌಂಡ್ ಹೇಳಿತು. ವಾರಕ್ಕೆ 35 ಸಾವಿರ ರೂಪಾಯಿ! ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು ಎಂಬುದು ವೀಸಾದ ಕಟ್ಟಳೆ, ಆಗಿನ ಕನಿಷ್ಠ ಕೂಲಿ ಗಂಟೆಗೆ 10 ಪೌಂಡ್ 42 ಪೆನ್ಸ್. ಗುಣಿಸಿ ನೋಡಿ. ವಾರಪೂರ್ತಿ ದುಡಿದರೂ ಆ ಕೋಣೆಯ ಐದು ದಿನದ ಬಾಡಿಗೆ ಹುಟ್ಟುವುದಿಲ್ಲ.

ಮತ್ತೆ ಉಳಿದದ್ದು ಸಾಮಾನ್ಯ ಬಾಡಿಗೆ ಮನೆ. ಅಲ್ಲಿ ಬಾಗಿಲಲ್ಲೇ ಕೂತಿರುವ ಪದ 'ಗ್ಯಾರಂಟರ್'. ನಮ್ಮ ಭಾಷೆಯಲ್ಲಿ ಜಾಮೀನುದಾರ. ನೀವು ಬಾಡಿಗೆ ಕೊಡದಿದ್ದರೆ ನಾನು ಕೊಡುತ್ತೇನೆ ಎಂದು ಬರೆದುಕೊಡುವವರು. ಅವರು ಬ್ರಿಟನ್ನಿನಲ್ಲೇ ಇರಬೇಕು, ತಿಂಗಳ ಬಾಡಿಗೆಯ 36 ಪಟ್ಟು ವಾರ್ಷಿಕ ಆದಾಯ ಇರಬೇಕು ಎಂಬುದು ಏಜೆಂಟರ ಸಾಮಾನ್ಯ ಲೆಕ್ಕ. 800 ಪೌಂಡಿನ ಕೋಣೆಗೆ 28,800 ಪೌಂಡ್ ಸಂಬಳದ ಜಾಮೀನುದಾರ. ನಾಲ್ಕು ಎಕರೆ ತೆಂಗಿನ ತೋಟ, ಸ್ವಂತ ಮನೆ, ಮೂವತ್ತು ವರ್ಷ ಒಂದು ಕಂತೂ ತಪ್ಪಿಸದ ನಮ್ಮಪ್ಪ ಆ ಫಾರಮ್ಮಿನ ಯಾವ ಚೌಕದಲ್ಲೂ ಹಿಡಿಯಲಿಲ್ಲ. ಅದೇ ತರಗತಿಯ, ನನಗಿಂತ ಕಡಿಮೆ ದುಡ್ಡಿನ, ಆದರೆ ಲೀಡ್ಸ್‌ನಲ್ಲಿ ಅಪ್ಪ ಇರುವ ಹುಡುಗಿಗೆ ಅದೊಂದು ಸಹಿಯ ಕೆಲಸ.

ಜಾಮೀನು ಇಲ್ಲದವರು ಆರು ತಿಂಗಳ ಬಾಡಿಗೆ ಮುಂಗಡ ಕೊಡಬೇಕೆಂದರು. ಕೆಲವರು ವರ್ಷದ್ದೇ ಕೇಳಿದರು. 2019ರ ಟೆನೆಂಟ್ ಫೀಸ್ ಕಾಯ್ದೆ ಡಿಪಾಸಿಟ್ಟಿಗೆ ಐದು ವಾರದ ಬಾಡಿಗೆಯ ಮಿತಿ ಹಾಕಿತ್ತು. ಆದರೆ ಮುಂಗಡ ಬಾಡಿಗೆಗೆ ಮಿತಿ ಇರಲಿಲ್ಲ. ಆ ಸಂದಿಯಲ್ಲಿ ನಮ್ಮಂಥವರ 4,800 ಪೌಂಡ್ ನುಸುಳಿ ಹೋಗುತ್ತಿತ್ತು. ಅಂದರೆ ಸುಮಾರು ಐದು ಲಕ್ಷ ರೂಪಾಯಿ, ವಿಮಾನ ಇಳಿದ ವಾರದಲ್ಲೇ.

ಸ್ಲೌನಲ್ಲಿ ದೂರದ ಸಂಬಂಧದ ಅಕ್ಕ ಒಬ್ಬರಿದ್ದರು. ಮೂವರು ಗೆಳತಿಯರ ಜೊತೆ ಮನೆ ಹಿಡಿಯಲು ಜಾಮೀನು ಕೇಳಿದೆ. ಎರಡು ದಿನ ಬಿಟ್ಟು ಫೋನ್ ಮಾಡಿದರು. "ನೋಡು ಪುಟ್ಟಾ, ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನಿಮ್ಮ ಭಾವ ಆ ಪೇಪರ್ ಪೂರ್ತಿ ಓದಿದ್ರು. ನೀನು ಕೊಡ್ದಿದ್ರೆ ಸರಿ, ಮಿಕ್ಕ ಮೂರು ಜನ ಕೊಡ್ದಿದ್ರೂ ನಾವೇ ಕಟ್ಬೇಕಂತೆ." ಭಾವ ಓದಿದ್ದು ಸರಿಯಾಗಿಯೇ ಇತ್ತು. ಜಂಟಿ ಕರಾರಿನಲ್ಲಿ ಜಾಮೀನುದಾರನ ಕುತ್ತಿಗೆಗೆ ಇಡೀ ಮನೆಯ ಬಾಡಿಗೆ ಬೀಳಬಹುದು. ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ. ಒಂದು ಶ್ರೀಮಂತ ವಿಶ್ವವಿದ್ಯಾಲಯ ಹೊರಬೇಕಾದ ಭಾರವನ್ನು ಸ್ಲೌನ ಒಬ್ಬ ನರ್ಸ್ ಹೊರಲಿ ಎಂದು ಬಿಟ್ಟ ವ್ಯವಸ್ಥೆಯ ಮೇಲಿದೆ.

ಈಗ ಕಾನೂನು ಬದಲಾಯಿತಲ್ಲ ಎನ್ನುವವರಿದ್ದಾರೆ. 2025ರ ಅಕ್ಟೋಬರ್ 27ರಂದು ರಾಜನ ಅಂಕಿತ ಬಿದ್ದ ರೆಂಟರ್ಸ್ ರೈಟ್ಸ್ ಕಾಯ್ದೆ ಒಂದು ತಿಂಗಳಿಗಿಂತ ಹೆಚ್ಚು ಬಾಡಿಗೆಯನ್ನು ಮುಂಗಡ ಕೇಳುವುದನ್ನು ನಿಷೇಧಿಸುತ್ತದೆ, ಜಾರಿಗೆ ಗೊತ್ತುಮಾಡಿದ ದಿನ 2026ರ ಮೇ 1. ಒಳ್ಳೆಯದೇ. ಆದರೆ ಅದು ಜಾಮೀನುದಾರನನ್ನು ಕೇಳುವುದನ್ನು ತಡೆದಿಲ್ಲ. ಮುಂಗಡ ಎಂಬ ಕಿಟಕಿ ಮುಚ್ಚಿದ ಮೇಲೆ ಮನೆ ಮಾಲೀಕ ಜಾಮೀನು ಎಂಬ ಬಾಗಿಲಲ್ಲೇ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತಾನೆ. ಅಪ್ಪನ ಸಾಲದ ದುಡ್ಡನ್ನಾದರೂ ಸುರಿದು ಒಳಗೆ ಹೋಗುತ್ತಿದ್ದವಳಿಗೆ ಈಗ ಅದೂ ಇಲ್ಲ. ಕಾಯ್ದೆ ಬೇಡ ಎನ್ನುತ್ತಿಲ್ಲ. ಜಾಮೀನಿನ ಕತೆ ಬಗೆಹರಿಸದೆ ಈ ಕಾಯ್ದೆ ನಮ್ಮ ಪಾಲಿಗೆ ಅರ್ಧ ಹೊಲಿದ ಅಂಗಿ.

ಇನ್ನೊಂದು ತಡೆಗೋಡೆಯನ್ನು ಸರ್ಕಾರವೇ ಕಟ್ಟಿದೆ. 2014ರ ವಲಸೆ ಕಾಯ್ದೆಯಡಿ ಬಂದ 'ರೈಟ್ ಟು ರೆಂಟ್' 2016ರ ಫೆಬ್ರವರಿಯಿಂದ ಇಡೀ ಇಂಗ್ಲೆಂಡಿಗೆ ಅನ್ವಯ. ಬಾಡಿಗೆಗೆ ಬರುವವರ ವಲಸೆ ದಾಖಲೆಯನ್ನು ಮನೆ ಮಾಲೀಕ ಪರಿಶೀಲಿಸಬೇಕು, ಇಲ್ಲದಿದ್ದರೆ ದಂಡ. 2024ರ ಫೆಬ್ರವರಿಯಲ್ಲಿ ಆ ದಂಡವನ್ನು ಮೊದಲ ತಪ್ಪಿಗೆ ತಲೆಗೆ 10,000 ಪೌಂಡಿನವರೆಗೆ ಏರಿಸಿದರು. ಇಬ್ಬರು ಬಾಡಿಗೆಗೆ ಬಂದರೆ, ಒಬ್ಬನದು ಬ್ರಿಟಿಷ್ ಪಾಸ್‌ಪೋರ್ಟ್, ಇನ್ನೊಬ್ಬಳದು ಕಂಪ್ಯೂಟರಿನಲ್ಲಿ ಕೋಡ್ ಹಾಕಿ ನೋಡಬೇಕಾದ ವೀಸಾ ಎಂದರೆ, ಮಾಲೀಕ ಯಾರಿಗೆ ಕೊಡುತ್ತಾನೆ? ಇದರಿಂದ ತಾರತಮ್ಯ ಹುಟ್ಟುತ್ತಿದೆ ಎಂದು 2019ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ತಾರತಮ್ಯ ಆಗುತ್ತಿದೆ ಎಂಬುದನ್ನು ಒಪ್ಪಿಕೊಂಡೇ, ಯೋಜನೆ ಸಮರ್ಥನೀಯ ಎಂದುಬಿಟ್ಟಿತು. ಕರಿಯರಿಗೆ ಕೋಣೆ ಇಲ್ಲ ಎಂಬ ಬೋರ್ಡನ್ನು 1968ರ ರೇಸ್ ರಿಲೇಶನ್ಸ್ ಕಾಯ್ದೆ ಕಿಟಕಿಯಿಂದ ಇಳಿಸಿತ್ತು. ಈಗ ಬೋರ್ಡಿನ ಅಗತ್ಯವಿಲ್ಲ, ಮೇಲ್‌ಗೆ ಉತ್ತರ ಬರೆಯದಿದ್ದರೆ ಸಾಕು.

ಹೀಗೆ ಮುಂಬಾಗಿಲು ಮುಚ್ಚಿದವರೆಲ್ಲ ಹಿತ್ತಿಲ ಬಾಗಿಲಿಗೆ ಬರುತ್ತಾರೆ. ಆ ಹಿತ್ತಿಲಿನ ಹೆಸರು ಈಸ್ಟ್ ಹ್ಯಾಮ್, ಇಲ್ಫರ್ಡ್, ಹೌನ್ಸ್‌ಲೋ, ವೆಂಬ್ಲಿ. ಅಲ್ಲಿ ಜಾಮೀನು ಬೇಡ, ಕೋಡ್ ಬೇಡ, ನಗದು ಸಾಕು. ನನಗೆ ಸಿಕ್ಕಿದ್ದು ಈಸ್ಟ್ ಹ್ಯಾಮ್‌ನ ಸಾಲುಮನೆಯೊಂದರ ಮುಂದಿನ ಹಾಲ್‌ನ ಅರ್ಧ. ಮಧ್ಯೆ ಪ್ಲೈವುಡ್. ಮನೆಯಲ್ಲಿ ಎಂಟು ಜನ, ಒಂದು ಬಚ್ಚಲು, ತಿಂಗಳಿಗೆ 650 ಪೌಂಡ್. ಟೇಪ್ ಹಿಡಿದು ಅಳೆದೆ, ಏಳು ಅಡಿಗೆ ಎಂಟು ಅಡಿ. ಐದು ಅಥವಾ ಹೆಚ್ಚು ಜನ ಹಂಚಿಕೊಳ್ಳುವ ಇಂಥ ಮನೆಗೆ ಲೈಸೆನ್ಸ್ ಬೇಕು, ಒಬ್ಬರು ಮಲಗುವ ಕೋಣೆ ಕನಿಷ್ಠ 6.51 ಚದರ ಮೀಟರ್, ಅಂದರೆ ಸುಮಾರು 70 ಚದರಡಿ ಇರಬೇಕು. ನನ್ನದು 56. ಮೊದಲ ದಿನವೇ ಮಾಲೀಕ ಹೇಳಿದ ಮಾತು ಚಳಿ ಮಷೀನಿನ ಬಗ್ಗೆಯೂ ಅಲ್ಲ, ಬಚ್ಚಲಿನ ಬಗ್ಗೆಯೂ ಅಲ್ಲ: "ಈ ಅಡ್ರೆಸ್‌ಗೆ ನಿಮ್ಮ ಹೆಸರಲ್ಲಿ ಒಂದು ಕಾಗದಾನೂ ಬರಬಾರದು." ಲೈಸೆನ್ಸ್ ಇಲ್ಲದ ಮನೆಯಲ್ಲಿ ಎಂಟು ಹೆಸರಿನ ಟಪಾಲು ಬಂದರೆ ಕೌನ್ಸಿಲ್‌ಗೆ ಸುಳಿವು ಸಿಗುತ್ತದೆ. ಕಾಗದ ಬಾರದಿದ್ದರೆ ನನಗೆ ವಿಳಾಸದ ಪುರಾವೆ ಇಲ್ಲ. ಪುರಾವೆ ಇಲ್ಲದೆ ಬ್ಯಾಂಕ್ ಖಾತೆಗೆ ಅಲೆದಾಟ, ಖಾತೆ ಇಲ್ಲದೆ ಸಂಬಳ ಬರುವ ಕೆಲಸಕ್ಕೆ ಅಲೆದಾಟ. ದೇಶ ನನ್ನನ್ನು ಬೆರಳಚ್ಚಿನ ಸಮೇತ ಒಳಗೆ ಬಿಟ್ಟುಕೊಂಡಿತ್ತು. ಆದರೆ ನಾನು ಎಲ್ಲೂ ವಾಸ ಮಾಡುತ್ತಿರಲಿಲ್ಲ.

ಕಾನೂನಿಗೆ ಹೋಗಬಹುದಿತ್ತಲ್ಲ ಎನ್ನಬೇಡಿ. ಡಿಪಾಸಿಟ್ಟನ್ನು 30 ದಿನದೊಳಗೆ ಮಾನ್ಯ ಯೋಜನೆಯಲ್ಲಿ ಇಡದಿದ್ದರೆ ಅದರ ಮೂರು ಪಟ್ಟಿನವರೆಗೆ ಪರಿಹಾರ ಸಿಗುತ್ತದೆ, ಲೈಸೆನ್ಸ್ ಇಲ್ಲದ ಮನೆಯ ಬಾಡಿಗೆಯನ್ನು ಟ್ರಿಬ್ಯೂನಲ್ ಮೂಲಕ ವಾಪಸು ಪಡೆಯಬಹುದು. ಇದೆಲ್ಲ ಓದಿಕೊಂಡಿದ್ದೆ. ಆದರೆ ರಸೀದಿ ಇಲ್ಲ, ಕರಾರುಪತ್ರ ಇಲ್ಲ, ದೂರು ಕೊಟ್ಟರೆ ಆ ರಾತ್ರಿ ಮಲಗಲು ಮನೆ ಇಲ್ಲ. ಕೋರ್ಸು ಮುಗಿಯುವುದು ಒಂದು ವರ್ಷಕ್ಕೆ. ಹಕ್ಕು ಇದ್ದೂ ಚಲಾಯಿಸಲಾಗದವರನ್ನೇ ಆರಿಸಿ ಮನೆ ಕೊಡುವುದು ಈ ವ್ಯಾಪಾರದ ಗುಟ್ಟು. ಹುಬ್ಬಳ್ಳಿಯ ಗೆಳೆಯನೊಬ್ಬನಿಗೆ ಅಷ್ಟೂ ಆಗಲಿಲ್ಲ. ಫೋಟೊ ನೋಡಿ ಬೆಂಗಳೂರಿನಿಂದಲೇ 900 ಪೌಂಡ್ ಕಳಿಸಿದ್ದ, ಹೋಗಿ ನೋಡಿದರೆ ಆ ನಂಬರಿನ ಮನೆಯೇ ಆ ಬೀದಿಯಲ್ಲಿರಲಿಲ್ಲ.

ಇಲ್ಲಿಯವರೆಗೆ ಓದಿ ಬಿಳಿಯರನ್ನು ಬಯ್ಯಲು ಹೊರಟವರು ಸ್ವಲ್ಪ ತಾಳಿ. ಹಿತ್ತಿಲ ಬಾಗಿಲ ಕೀಲಿ ಬಹುಪಾಲು ನಮ್ಮವರ ಕೈಯಲ್ಲೇ ಇದೆ. ನಮ್ಮವರಿಗೆ ನಮ್ಮವರೇ ಆಗಬೇಕು ಎಂಬ ಮಾತಿನ ಬಾಡಿಗೆ ದರ ನನಗೆ ಚೆನ್ನಾಗಿ ಗೊತ್ತು. ಕೋಣೆ ಖಾಲಿ ಇದೆ ಎಂದು ಕೇಳಿ ಒಬ್ಬ ಕನ್ನಡದ ಹೆಂಗಸಿಗೆ ಫೋನ್ ಮಾಡಿದ್ದೆ. "ಓ, ಕನ್ನಡದೋರಾ? ತುಂಬಾ ಸಂತೋಷ. ಯಾವೂರು?"

"ತಿಪಟೂರು, ಆಂಟಿ."

"ತಿಪಟೂರಲ್ಲಿ ಯಾರ ಪೈಕಿ? ಅಡುಗೆಮನೆ ಒಂದೇ ನೋಡಿ, ಅದಕ್ಕೆ ಕೇಳಿದ್ದು."

ಸಂತೋಷ ಅಲ್ಲಿಗೆ ಮುಗಿಯಿತು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನ ಪುತ್ಥಳಿ ನಿಂತಿದೆ, 2015ರ ನವೆಂಬರಿನಲ್ಲಿ ಅನಾವರಣವಾದದ್ದು. ಅದರ ಮುಂದೆ ಫೋಟೊ ತೆಗೆಸಿಕೊಂಡು ಬಂದವರು ಮನೆ ಬಾಡಿಗೆಗೆ ಕೊಡುವಾಗ ಯಾರ ಪೈಕಿ ಎನ್ನುತ್ತಾರೆ. ಸಮಾನತಾ ಕಾಯ್ದೆಯಲ್ಲಿ ಜಾತಿ ಎಂಬ ಪದವನ್ನು ಸೇರಿಸಬೇಕೆಂದು ಬ್ರಿಟಿಷ್ ಸಂಸತ್ತು 2013ರಲ್ಲಿ ತೀರ್ಮಾನಿಸಿತ್ತು. ಸರ್ಕಾರ 2018ರಲ್ಲಿ ಸೇರಿಸುವುದಿಲ್ಲ ಎಂದಿತು.

ಅಂಬೇಡ್ಕರ್ ಲಂಡನ್ನಿನಲ್ಲಿ ಓದುತ್ತಿದ್ದಾಗ 1921-22ರಲ್ಲಿ ಇದ್ದ 10, ಕಿಂಗ್ ಹೆನ್ರೀಸ್ ರೋಡ್ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡು ಸ್ಮಾರಕ ಮಾಡಿದೆ. ಅಲ್ಲಿಗೆ ಹೋದಾಗ ನನಗೆ ನೆನಪಾದದ್ದು ಬರೋಡಾ. ಕೊಲಂಬಿಯಾದಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದ ಅವರಿಗೆ ಆ ಊರಿನಲ್ಲಿ ತಂಗಲು ಒಂದು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಇದ್ದರು. ಗೊತ್ತಾದಾಗ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ, ಇಬ್ಬರೂ ನೆಪ ಹೇಳಿದರು. ಸಾರ್ವಜನಿಕ ತೋಟದಲ್ಲಿ ಕೂತು ಅತ್ತರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಟಿಪ್ಪಣಿಯಲ್ಲಿ ಇದನ್ನೆಲ್ಲ ಅವರೇ ಬರೆದಿದ್ದಾರೆ. ಲಂಡನ್ನಿನಲ್ಲಿ ಕೋಣೆ ಸಿಕ್ಕವರಿಗೆ ಸ್ವದೇಶದಲ್ಲಿ ಸಿಗಲಿಲ್ಲ. ನೂರು ವರ್ಷದ ಮೇಲೆ ನಾವು ಆ ಬರೋಡಾವನ್ನೇ ಈಸ್ಟ್ ಹ್ಯಾಮಿಗೆ ಒಯ್ದು ಸ್ಥಾಪಿಸಿದ್ದೇವೆ.

ಬೆಂಗಳೂರಿನ ಮಾತೂ ಬರಬೇಕು. ಆಫ್ರಿಕಾದಿಂದ ಇಲ್ಲಿಗೆ ಓದಲು ಬಂದ ಹುಡುಗರಿಗೆ ಮನೆ ಕೊಡುವವರೆಷ್ಟು ಜನ? ಕೊಟ್ಟರೂ ಬಾಡಿಗೆ ಎಷ್ಟು ಹೇಳುತ್ತಾರೆ? ವಿದೇಶಿಯರಿಗೆ ಮನೆ ಕೊಟ್ಟವರು 24 ಗಂಟೆಯೊಳಗೆ ಫಾರಂ ತುಂಬಬೇಕೆಂಬ ನಿಯಮ ನಮ್ಮಲ್ಲೂ ಇದೆ. ರೈಟ್ ಟು ರೆಂಟ್‌ನ ಖಾಸಾ ತಮ್ಮ ಅದು. "ಯಾಕ್ ಬೇಕು ಸ್ವಾಮಿ ಪೊಲೀಸ್ ರಗಳೆ" ಎಂದು ಮಾಲೀಕರು ಬಾಗಿಲು ಹಾಕುತ್ತಾರೆ. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯ ಕಡೆ ಯಾರೋ ಮಾಡಿದ ಅಪಘಾತದ ಸಿಟ್ಟನ್ನು, ಆಮೇಲೆ ಅಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ತೀರಿಸಿಕೊಂಡಿತು, ಕಾರಿಗೆ ಬೆಂಕಿ ಇಟ್ಟಿತು. ಅವಳೂ ಫೀಸು ಕಟ್ಟಿ ಓದಲು ಬಂದವಳೇ. ಅವಳನ್ನು ಸೇರಿಸಿಕೊಂಡ ಕಾಲೇಜುಗಳೂ ನನ್ನ ವಿಶ್ವವಿದ್ಯಾಲಯದ ಹಾಗೇ ಗೇಟಿನ ಹೊರಗೆ ಏನಾದರೂ ನಮಗೆ ಸಂಬಂಧವಿಲ್ಲ ಎನ್ನುವ ಜಾಯಮಾನದವು.

ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಲಂಡನ್ನಿನಲ್ಲಿ ಅಲ್ಲಿನ ಬಡವರಿಗೇ ಮನೆ ಇಲ್ಲ, ನಿಮಗೆಲ್ಲಿಂದ ತರೋಣ ಎಂಬುದು. ಒಪ್ಪುತ್ತೇನೆ. ಈಸ್ಟ್ ಹ್ಯಾಮಿನ ಆ ಮನೆ ಮೂರು ಕೋಣೆಯ ಸಂಸಾರದ ಮನೆ. ನಮ್ಮ ಎಂಟು ಜನರ 650 ಸೇರಿದರೆ ತಿಂಗಳಿಗೆ 5,200 ಪೌಂಡ್. ಯಾವ ಸಂಸಾರ ಅಷ್ಟು ಕೊಟ್ಟೀತು? ಎದುರು ಮನೆಯ ಮುದುಕಿ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು, ಅವಳ ಮಗಳು ಅದೇ ಬೀದಿಯಲ್ಲಿ ಮನೆ ಹುಡುಕಿ ಸೋತಿದ್ದಳಂತೆ. ಅವಳ ಸಿಟ್ಟು ನ್ಯಾಯವೇ, ತಿರುಗಿದ್ದು ಮಾತ್ರ ತಪ್ಪು ದಿಕ್ಕಿಗೆ. ಎಷ್ಟು ಜನರನ್ನು ಕರೆಸಬೇಕೆಂದು ತೀರ್ಮಾನಿಸಿದ್ದು ನಾನಲ್ಲ. ಇಂಗ್ಲೆಂಡಿನ ಸ್ವಂತ ವಿದ್ಯಾರ್ಥಿಗಳ ಪದವಿ ಫೀಸಿಗೆ 2017ರಿಂದ 9,250 ಪೌಂಡಿನ ಮಿತಿ ಇತ್ತು. 2025ರಲ್ಲಿ ಅದು 9,535ಕ್ಕೆ ಏರುವವರೆಗೂ ಕದಲಲಿಲ್ಲ. ಆ ಕೊರತೆ ತುಂಬಲು ವಿಶ್ವವಿದ್ಯಾಲಯಗಳು ಮಿತಿಯೇ ಇಲ್ಲದ ನಮ್ಮ ಫೀಸಿಗೆ ಕೈ ಹಾಕಿದವು. ಸೀಟು ಹೆಚ್ಚಿಸುವುದಕ್ಕೆ ಕುರ್ಚಿ ಸಾಕು, ಮಂಚ ಬೇಕಿಲ್ಲವಲ್ಲ! ನಾವು ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಆದಾಯ, ಪಕ್ಕದ ಮನೆಯವಳ ಲೆಕ್ಕದಲ್ಲಿ ಹಾವಳಿ.

ನಾವು ಪಾಠ ಹೇಳುವವರು, ಮನೆ ದಲ್ಲಾಳಿಗಳಲ್ಲ ಎಂದು ವಿಶ್ವವಿದ್ಯಾಲಯಗಳು ಹೇಳುತ್ತವೆ. ಹಾಗಾದರೆ ಬೆಂಗಳೂರಿನ ಕನ್ಸಲ್ಟೆನ್ಸಿಗಳಿಗೆ ತಲೆಗಿಷ್ಟು ಎಂದು ಕಮಿಷನ್ ಕೊಡುವುದು ಯಾವ ಪಾಠದ ಭಾಗ? ನೆದರ್‌ಲೆಂಡ್ಸ್‌ನ ಕೆಲವು ವಿಶ್ವವಿದ್ಯಾಲಯಗಳು 2022ರಲ್ಲಿ ಮನೆ ಸಿಗದಿದ್ದರೆ ಬರಬೇಡಿ ಎಂದು ಹೊರದೇಶದ ವಿದ್ಯಾರ್ಥಿಗಳಿಗೆ ನೇರವಾಗಿ ಹೇಳಿದವು. ಒರಟು ಮಾತು, ಆದರೆ ಸುಳ್ಳಲ್ಲ. ನನಗೆ ಯಾರಾದರೂ ಹಾಗೆ ಹೇಳಿದ್ದರೆ ಅಪ್ಪ ಮನೆಪತ್ರ ಹೊರಗೆ ತೆಗೆಯುವ ಮುಂಚೆ ಇನ್ನೊಂದು ಸಲ ಯೋಚಿಸುತ್ತಿದ್ದರು.

ನಾನು ಕೇಳುತ್ತಿರುವುದು ಅರಮನೆಯಲ್ಲ. ಪ್ರವೇಶಪತ್ರ ಕೊಟ್ಟ ವಿಶ್ವವಿದ್ಯಾಲಯ ಮೊದಲ ವರ್ಷಕ್ಕೆ ಒಂದು ಹಾಸಿಗೆ ಕೊಡಲಿ. ಆಗದಿದ್ದರೆ ತಾನೇ ಜಾಮೀನಿಗೆ ಸಹಿ ಹಾಕಲಿ. ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳು ಈಗಾಗಲೇ ಹಾಗೆ ಸಹಿ ಹಾಕುತ್ತಿವೆ, ಅವೇನೂ ದಿವಾಳಿಯಾಗಿಲ್ಲ. ವರ್ಷದ ಫೀಸು ಮುಂಗಡ ಕಟ್ಟಿದ ವಿದ್ಯಾರ್ಥಿಯನ್ನು ನಂಬಲು ಅವರಿಗಿಂತ ಹೆಚ್ಚಿನ ದಾಖಲೆ ಯಾರ ಬಳಿ ಇದೆ? ಎರಡೂ ಆಗದು ಎಂದರೆ ಆ ಸೀಟನ್ನು ಮಾರಬಾರದು. ಇತ್ತ ನಮ್ಮ ಸಾಲ ಕೊಡುವ ಬ್ಯಾಂಕುಗಳೂ ಪ್ರವೇಶಪತ್ರದ ಜೊತೆ ವಸತಿಯ ಪತ್ರ ಕೇಳಲಿ. ಒಂದೇ ವರ್ಷ ಕೇಳಿ ನೋಡಲಿ, ಕನ್ಸಲ್ಟೆನ್ಸಿಗಳ ಬಣ್ಣದ ಪುಸ್ತಿಕೆಯಲ್ಲಿ ಹಾಸ್ಟೆಲ್ಲಿನ ಪುಟ ತಾನಾಗಿ ದಪ್ಪವಾಗುತ್ತದೆ.

ಊರಿಗೆ ಬಂದ ಮೇಲೆ ಬೆಂಗಳೂರಿನ ಹೋಟೆಲೊಂದರಲ್ಲಿ ನಡೆದ ವಿದೇಶಿ ಶಿಕ್ಷಣ ಮೇಳಕ್ಕೆ ತಂಗಿಯ ಗೆಳತಿಯ ಜೊತೆ ಹೋಗಿದ್ದೆ. ಲಂಡನ್ನಿನ ವಿಶ್ವವಿದ್ಯಾಲಯವೊಂದರ ಮಳಿಗೆಯಲ್ಲಿ ಕೂತಿದ್ದವರಿಗೆ ಒಂದೇ ಪ್ರಶ್ನೆ ಕೇಳಿದೆ: ಇವಳಿಗೆ ಹಾಸ್ಟೆಲ್ ಸಿಗದಿದ್ದರೆ ಬಾಡಿಗೆ ಮನೆಗೆ ಜಾಮೀನು ಯಾರು? ಆತ ನಕ್ಕು, ಹುಡುಗಿಯ ಕೈಗೆ ಬಟ್ಟೆಯ ಚೀಲ ಮತ್ತು ಪೆನ್ನು ಕೊಟ್ಟು, ವಸತಿ ವಿಭಾಗದ ಮೇಲ್ ಐಡಿ ಬರೆದುಕೊಟ್ಟ. ಅವಳು ಅಂದೇ ರಾತ್ರಿ ಬರೆದಳು. ಮೂರು ವಾರದ ಮೇಲೆ ನಲವತ್ತು ಪುಟದ ಪಿಡಿಎಫ್ ಬಂತು. ಜಾಮೀನುದಾರನ ವಿಷಯ ಹನ್ನೊಂದನೆಯ ಪುಟದಲ್ಲಿ ಒಂದು ಸಾಲಿದೆ. ಬ್ರಿಟನ್ನಿನಲ್ಲಿರುವ ನಿಮ್ಮ ಕುಟುಂಬದವರನ್ನು ಕೇಳಿ, ಎಂದು.